ಬೆಚ್ಚುವ ಮೈಗೆ ಸೂಜಿ, ಸ್ಪರ್ಶ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಅಪಘಾತ, ಹಲ್ಲೆ, ದುರಂತಗಳನ್ನು ದಾಟಿ ಬಂದವರ ಮೈಯಲ್ಲಿ ಉಳಿದುಬಿಡುವ ಭಯಕ್ಕೆ ಚೀನೀ ಪದ್ಧತಿಯ ಸೂಜಿಚಿಕಿತ್ಸೆ ಮತ್ತು ಹಗುರವಾದ ಅಂಗಮರ್ದನ ನೆರವಾಗುತ್ತದೆಯೇ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಅಕ್ಯುಪಂಕ್ಚರ್ ವೈದ್ಯರು ಮತ್ತು ಆಪ್ತಸಮಾಲೋಚಕರು ಸೇರಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಎಂಟು ತಿಂಗಳ ಹಿಂದೆ ಹೆದ್ದಾರಿಯಲ್ಲಿ ನನ್ನ ಸ್ಕೂಟರ್‌ಗೆ ಲಾರಿ ತಾಗಿತು. ಕಾಲಿನ ಮೂಳೆ ಕೂಡಿದೆ. ಆದರೆ ಹಿಂದಿನಿಂದ ಹಾರ್ನ್ ಕೇಳಿಸಿದರೆ ಈಗಲೂ ಮೈ ಬೆವರುತ್ತದೆ. ಕತ್ತು ಸದಾ ಬಿಗಿ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಅಕ್ಯುಪಂಕ್ಚರ್ ಮಾಡಿಸು ಎನ್ನುತ್ತಾರೆ ಅತ್ತಿಗೆ. ಭಯಕ್ಕೆ ಸೂಜಿ ಚುಚ್ಚಿದರೆ ಏನಾದೀತು? — ದಾವಣಗೆರೆ

ಉತ್ತರ: ಅಪಘಾತದ ನೆನಪನ್ನು ಸೂಜಿ ಅಳಿಸಲಾರದು. ಆ ನೆನಪು ಎದ್ದಾಗ ಎದೆ ಎಷ್ಟು ಹೊಡೆದುಕೊಳ್ಳುತ್ತದೆ, ಮೈ ಎಷ್ಟು ಹೊತ್ತಿಗೆ ತಣಿಯುತ್ತದೆ, ನಿದ್ದೆ ಎಷ್ಟು ಸಲ ಮುರಿಯುತ್ತದೆ ಎಂಬುದರ ಮೇಲೆ ಅದು ಕೆಲಸ ಮಾಡಬಲ್ಲದು. ಭಯದಿಂದ ಮೈಯ 'ಚಿ', ಅಂದರೆ ಪ್ರಾಣಶಕ್ತಿ, ಕೆಳಗಿಳಿಯುತ್ತದೆ, ದಿಢೀರ್ ಬೆಚ್ಚಿದರೆ ದಿಕ್ಕೆಡುತ್ತದೆ ಎಂಬುದು ಚೀನೀ ವೈದ್ಯದ ಹಳೆಯ ಪಾಠ. ಹೃದಯದಲ್ಲಿ ನೆಲೆಸಿರುವ 'ಶೆನ್' ಎಂಬ ಚೇತನಕ್ಕೆ ರಾತ್ರಿ ನೆಲೆ ಸಿಗದಿದ್ದರೆ ನಿದ್ದೆ ಒಡೆಯುತ್ತದೆ ಎಂದೂ ಅವರು ಹೇಳುತ್ತಾರೆ. ಇದನ್ನು ನಂಬಲೇಬೇಕೆಂದಿಲ್ಲ. ಈ ಲೆಕ್ಕಾಚಾರದಿಂದ ಆರಿಸಿಕೊಂಡ, ಸೂಜಿ ಚುಚ್ಚುವ ಬಿಂದುಗಳನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಯುದ್ಧದಲ್ಲಿ ಪಾಲ್ಗೊಂಡು ಪಿಟಿಎಸ್‌ಡಿಯಿಂದ (ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ) ಬಳಲುತ್ತಿದ್ದ 93 ಅಮೆರಿಕನ್ ಮಾಜಿ ಸೈನಿಕರ ಮೇಲೆ ನಡೆದ ಅಧ್ಯಯನವೊಂದು 2024ರಲ್ಲಿ 'ಜಾಮಾ ಸೈಕಿಯಾಟ್ರಿ' ಪತ್ರಿಕೆಯಲ್ಲಿ ಬಂತು. ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಹುಸಿ ಸೂಜಿ; ವಾರಕ್ಕೆರಡರಂತೆ 24 ಸರದಿ, ಒಂದೊಂದೂ ಒಂದು ಗಂಟೆ. ಎರಡೂ ಗುಂಪಿನವರು ಸುಧಾರಿಸಿದರು, ನಿಜವಾದ ಸೂಜಿ ಪಡೆದವರು ಹೆಚ್ಚು ಸುಧಾರಿಸಿದರು. ಹುಸಿ ಸೂಜಿಯವರೂ ಸುಧಾರಿಸಿದ್ದನ್ನು ಸೂಜಿಯ ಪರ ವಾದಿಸುವವರು ಸಾಮಾನ್ಯವಾಗಿ ಹೇಳದೇ ಬಿಡುತ್ತಾರೆ. ವಾರಕ್ಕೆರಡು ಸಲ ಗಂಟೆ ಹೊತ್ತು ನೆಮ್ಮದಿಯಾಗಿ ಮಲಗಿ, ಒಬ್ಬರಿಂದ ಆರೈಕೆ ಪಡೆಯುವುದಕ್ಕೂ ತನ್ನದೇ ಗುಣವಿದೆ.

ನಿಮ್ಮ ಸ್ಥಿತಿಗೆ ಹೆಚ್ಚು ಪುರಾವೆಯಿರುವುದು ಆಘಾತದ ಮೇಲೆಯೇ ಗಮನವಿಟ್ಟು ಮಾಡುವ ಸಿಬಿಟಿ ಮತ್ತು ಇಎಂಡಿಆರ್ ಎಂಬ ಮಾತಿನ ಚಿಕಿತ್ಸೆಗಳಿಗೆ. ಅದಕ್ಕೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಮೊದಲು ಕಾಣಿ. ಸೂಜಿಚಿಕಿತ್ಸೆ ಅದರ ಜೊತೆಗಿರಲಿ. ರಾತ್ರಿ ಮೂರು ಗಂಟೆ ನಿದ್ದೆ ಮಾಡುವವರಿಗೆ ಆಪ್ತಸಮಾಲೋಚನೆಯಲ್ಲಿ ಕೂರುವ ತ್ರಾಣವೇ ಇರುವುದಿಲ್ಲ. ಐದು ಗಂಟೆ ನಿದ್ದೆ ಬಂದರೆ ಆ ಕೆಲಸ ಮುಂದೆ ಸಾಗುತ್ತದೆ.

ವಾರಕ್ಕೆರಡು ಸಲದಂತೆ ಆರು ಸರದಿ ಮಾಡಿಸಿ. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಎಷ್ಟು ಹೊತ್ತಿಗೆ ಮತ್ತೆ ನಿದ್ದೆ ಬಂತು ಎಂದು ಬರೆದಿಡಿ. ಆರರ ನಂತರವೂ ಬರೆದಿಟ್ಟದ್ದರಲ್ಲಿ ಬದಲಾವಣೆ ಕಾಣದಿದ್ದರೆ 'ಇನ್ನೂ ಹತ್ತು ಮಾಡೋಣ' ಎಂಬ ಮಾತಿಗೆ ಒಪ್ಪಬೇಡಿ. ಸೂಜಿಯ ದಪ್ಪ 0.20ರಿಂದ 0.25 ಮಿ.ಮೀ. ಇರುತ್ತದೆ, ಚುಚ್ಚುಮದ್ದಿನ ಸೂಜಿಯ ಅರ್ಧಕ್ಕಿಂತ ಕಡಿಮೆ. ನಿಮ್ಮಂಥವರಿಗೆ ಮೊದಲ ಸಲ ನಾಲ್ಕರಿಂದ ಆರು ಸೂಜಿ, ಕೈಕಾಲುಗಳಲ್ಲಿ ಮಾತ್ರ, 20 ನಿಮಿಷ ಸಾಕು. ಚುಚ್ಚಿದಲ್ಲಿ ಜೋಮು, ಭಾರ, ಮಂದ ನೋವು ಬಂದರೆ ಅದಕ್ಕೆ 'ದೆಚಿ' ಎನ್ನುತ್ತಾರೆ. ಮಂಡಿನೋವಿಗೆ ಚಿಕಿತ್ಸೆ ಮಾಡುವಾಗ ಅದನ್ನು ಬೇಕೆಂದೇ ಬರಿಸುತ್ತಾರೆ. ಬೆಚ್ಚುವ ಮೈಯವರಲ್ಲಿ ಸೂಜಿ ತಿರುಗಿಸಿ ಅದನ್ನು ಜೋರು ಮಾಡುವುದು ಬೇಡ.

ಇನ್ನೊಂದು ಮಾತು. ಕತ್ತು ಬಿಗಿ ಎಂದು ಕ್ಷೌರದಂಗಡಿಯಲ್ಲೋ ಮಸಾಜ್ ಕೇಂದ್ರದಲ್ಲೋ ಕತ್ತು ಲಟಕ್ಕನೆ ತಿರುಗಿಸಲು ಬಿಡಬೇಡಿ. ಮಿದುಳಿಗೆ ಹೋಗುವ ರಕ್ತನಾಳ ಅಪರೂಪಕ್ಕಾದರೂ ಹರಿಯಬಹುದು. ತೋಳಿನಲ್ಲಿ ಜುಮ್ಮೆನ್ನುವುದೋ ಹಿಡಿತ ಸಡಿಲವಾಗುವುದೋ ಇದ್ದರೆ ಮೊದಲು ಮೂಳೆ ವೈದ್ಯರು ನೋಡಬೇಕು.

ಪ್ರಶ್ನೆ: ನನ್ನ ಹೆಂಡತಿ ಬಾಲ್ಯದಲ್ಲಿ ಲೈಂಗಿಕ ಕಿರುಕುಳ ಅನುಭವಿಸಿದವಳು. ಆಪ್ತಸಮಾಲೋಚನೆ ನಡೆಯುತ್ತಿದೆ. ಬೆನ್ನುನೋವಿಗೆಂದು ಚೀನೀ ಮಸಾಜ್ ಮಾಡುವ ಕಡೆ ಹೋದಳು. ಸೊಂಟದ ಬಳಿ ಬಲವಾಗಿ ಒತ್ತಿದಾಗ ಅಳು ಬಂತಂತೆ. "ಒಳಗಿದ್ದದ್ದು ಹೊರಗೆ ಬರ್ತಿದೆ, ಅಳಲಿ" ಎಂದು ಅವರು ನಿಲ್ಲಿಸಲಿಲ್ಲವಂತೆ. ಮನೆಗೆ ಬಂದವಳು ಎರಡು ದಿನ ಮಾತಾಡಲಿಲ್ಲ, ಊಟ ಸೇರಲಿಲ್ಲ. ಇದು ಗುಣವಾಗುವ ಲಕ್ಷಣವೇ? — ಮೈಸೂರು

ಉತ್ತರ: ಅಲ್ಲ. ಗುಣದ ಅಳು ಹತ್ತು-ಹದಿನೈದು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ, ಆಮೇಲೆ ಉಸಿರು ಸಲೀಸಾಗುತ್ತದೆ, ಹಸಿವೆಯಾಗುತ್ತದೆ, ಆ ರಾತ್ರಿ ನಿದ್ದೆ ಬರುತ್ತದೆ. ಎರಡು ದಿನ ಮಾತೂ ಊಟವೂ ನಿಂತಿವೆ ಎಂದರೆ ಮೈ ತಡೆದುಕೊಳ್ಳುವ ಮಿತಿ ಮೀರಿ ಒತ್ತಿದ್ದಾರೆ.

ಹಳೆಯ ನೆನಪು ಸ್ನಾಯುವಿನಲ್ಲಿ ಹೂತು ಕೂತಿದೆ, ಅದನ್ನು ಒತ್ತಿ ಹೊರತೆಗೆಯಬೇಕು ಎಂಬ ಮಾತು ಈಗ ಎಲ್ಲ ಕಡೆ ಓಡಾಡುತ್ತಿದೆ. ಇದಕ್ಕೆ ಆಧಾರವಿಲ್ಲ. ಅಪಾಯ ಮುಗಿದಿಲ್ಲ ಎಂದು ಮಿದುಳು ಸಾರುತ್ತಲೇ ಇರುವುದರಿಂದ ಸ್ನಾಯು ಬಿಗಿದಿರುತ್ತದೆ. ಅದನ್ನು ಬಲವಂತವಾಗಿ ಸಡಿಲಿಸಲು ಹೋದರೆ ಮಿದುಳಿಗೆ ಸಿಗುವ ಸುದ್ದಿ ಒಂದೇ: ಮತ್ತೊಬ್ಬರು ಮೈಮೇಲೆ ಬಂದಿದ್ದಾರೆ, ಬೇಡವೆಂದರೂ ಬಿಡುತ್ತಿಲ್ಲ.

ಅನುಭವವುಳ್ಳ ಕೈಗಳೂ ಎಡವುವುದು ಇನ್ನೊಂದು ಕಡೆ. ಮಲಗಿದವರು ಅಲುಗಾಡದೆ ಇದ್ದರೆ 'ಚೆನ್ನಾಗಿ ಸಡಿಲವಾದರು' ಎಂದುಕೊಳ್ಳುತ್ತಾರೆ. ಭಯದಲ್ಲಿ ಮರಗಟ್ಟಿದ ಮೈಯೂ ಹಾಗೆಯೇ ನಿಶ್ಚಲವಾಗಿರುತ್ತದೆ. ಸಡಿಲವಾದವರ ಬೆರಳು ಬೆಚ್ಚಗಿರುತ್ತವೆ, ಹೊಟ್ಟೆ ಏರಿಳಿಯುತ್ತದೆ, ಆಗಾಗ ಎಂಜಲು ನುಂಗುತ್ತಾರೆ, ಹೊಟ್ಟೆ ಗುಡುಗುಡು ಅನ್ನುವುದೂ ಉಂಟು. ಮರಗಟ್ಟಿದವರ ಬೆರಳು ತಣ್ಣಗಿರುತ್ತವೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ, ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ. ಅನುಮಾನ ಬಂದರೆ ನಿಶ್ಚಿತ ಉತ್ತರವಿರುವ ಪ್ರಶ್ನೆ ಕೇಳಬೇಕು. "ಎಡಗೈ ಬೆಚ್ಚಗಿದೆಯಾ, ಬಲಗೈಯಾ?" ಎಂದರೆ ಸಡಿಲವಾದವರು ತಡವಾಗಿಯಾದರೂ ಸರಿಯಾಗಿ ಹೇಳುತ್ತಾರೆ. ಮರಗಟ್ಟಿದವರು "ಹ್ಞೂಂ, ಪರವಾಗಿಲ್ಲ" ಎಂದುಬಿಡುತ್ತಾರೆ. "ಆರಾಮಾಗಿದೀರಾ?" ಎಂದು ಕೇಳಿ ಪ್ರಯೋಜನವಿಲ್ಲ. ನಮ್ಮಲ್ಲಿ, ಅದರಲ್ಲೂ ಹೆಣ್ಣುಮಕ್ಕಳು, ಆ ಪ್ರಶ್ನೆಗೆ ಹೌದೆಂದೇ ಹೇಳುವುದು.

ಮರಗಟ್ಟಿದ್ದು ಗೊತ್ತಾದ ಕೂಡಲೇ, ಸೂಜಿಗಳಿದ್ದರೆ, ಹೇಳಿ ತೆಗೆಯಬೇಕು. ಕೈಯನ್ನು ಸರಕ್ಕನೆ ಎಳೆದುಕೊಳ್ಳದೆ "ಈಗ ಕೈ ತೆಗೀತೀನಿ" ಎಂದು ಹೇಳಿ ಎತ್ತಬೇಕು. ಕಣ್ಣು ತೆರೆಸಿ, ಎಬ್ಬಿಸಿ ಕೂರಿಸಿ, ಅಂಗಾಲು ನೆಲಕ್ಕೆ ತಾಗುವಂತೆ ಮಾಡಿ, ತಣ್ಣೀರಿನ ಲೋಟ ಕೈಗೆ ಕೊಟ್ಟು, ಇವತ್ತು ಯಾವ ವಾರ, ಕೋಣೆಯಲ್ಲಿ ಎಷ್ಟು ಕಿಟಕಿ ಎಂದು ಕೇಳಬೇಕು. ಆ ದಿನ ಅಲ್ಲಿಗೆ ಮುಗಿಯಿತು. ಭಯ ಕಡಿಮೆಯಾಗಲೆಂದು ಇನ್ನೊಂದು ಬಿಂದು ಒತ್ತಲು ಹೋಗುವುದು ದೊಡ್ಡ ತಪ್ಪು.

ಮುಂದೆ ಎಲ್ಲಿಗಾದರೂ ಹೋಗುವ ಮನಸ್ಸು ಅವರಿಗಿದ್ದರೆ ಹೀಗೆ ಕೇಳಿನೋಡಿ. ಚೀನೀ ಅಂಗಮರ್ದನವಾದ ತುಯಿನಾವನ್ನು ಬಟ್ಟೆಯ ಮೇಲೆಯೇ ಮಾಡುವುದು ವಾಡಿಕೆ, ಆದ್ದರಿಂದ ಬಟ್ಟೆ ಕಳಚಿ ಎಂದರೆ ಒಪ್ಪಬೇಕಿಲ್ಲ. ಬೋರಲು ಮಲಗುವುದು ಬೇಡ, ಪಕ್ಕಕ್ಕೆ ತಿರುಗಿ ಅಥವಾ ಕುರ್ಚಿಯಲ್ಲಿ ಕೂತು, ಬಾಗಿಲು ಕಾಣುವಂತೆ. ಹೆಂಗಸರೇ ಮಾಡಬೇಕೆಂದು ಕೇಳುವುದು, ಜೊತೆಗೊಬ್ಬರನ್ನು ಕೂರಿಸಿಕೊಳ್ಳುವುದು ಅವರ ಹಕ್ಕು. ಎಣ್ಣೆಯ ವಾಸನೆಯೂ ಹಳೆಯದನ್ನು ಎಬ್ಬಿಸಬಲ್ಲದು, ಮೊದಲೇ ಮೂಸಿ ನೋಡಲಿ. ಭುಜದ ಮೇಲಣ ಬಿಂದು ಎಲ್ಲರಿಗೂ ಪ್ರಿಯ, ಆದರೆ ಅದನ್ನು ಒತ್ತುವವರು ಬೆನ್ನ ಹಿಂದೆ ನಿಲ್ಲುತ್ತಾರೆ. ಇವರಿಗೆ ಅದು ಕೊನೆಗಿರಲಿ. ಮೊದಲೆರಡು ಸರದಿಯಲ್ಲಿ ಕೈ, ಮುಂಗೈ, ಪಾದ ಇಷ್ಟೇ. ಅಂಗೈಯಿಂದ ವೃತ್ತಾಕಾರವಾಗಿ ಸವರುವ 'ಮೋ', ಹಗುರವಾಗಿ ನಾದುವ 'ರೌ' ಸಾಕು, ಒತ್ತುವ 'ಆನ್' ಆಮೇಲೆ. ಕೈ ಎಲ್ಲಿಡುತ್ತೇನೆ ಎಂದು ಪ್ರತಿ ಸಲ ಮುಂಚೆ ಹೇಳಬೇಕು. ನಿಲ್ಲಿಸಲು ಒಂದು ಕೈಸನ್ನೆ ಬೇಕು, ಏಕೆಂದರೆ ಮರಗಟ್ಟಿದಾಗ ಗಂಟಲಿನಿಂದ ಮಾತು ಹೊರಡುವುದಿಲ್ಲ. ಆ ಸನ್ನೆಯನ್ನು ಶುರುವಿನಲ್ಲೇ ಒಮ್ಮೆ ಸುಮ್ಮನೆ ಮಾಡಿಸಿ, ಚಿಕಿತ್ಸಕರು ನಿಜವಾಗಿಯೂ ನಿಲ್ಲಿಸುತ್ತಾರೆಂದು ತೋರಿಸಬೇಕು. ಈ ಒಂದು ಅಭ್ಯಾಸದಿಂದ ಆಗುವ ಉಪಕಾರ ಹಲವು ಬಿಂದುಗಳಿಂದ ಆಗುವುದಿಲ್ಲ.

ನಡೆದದ್ದನ್ನು ಅವರ ಆಪ್ತಸಮಾಲೋಚಕರಿಗೆ ತಿಳಿಸಲಿ. ನೀವು ಮನೆಯಲ್ಲಿ ಮುಟ್ಟುವ ಮುಂಚೆ ಕೆಲ ದಿನ ಕೇಳಿಯೇ ಮುಟ್ಟಿ.

ಪ್ರಶ್ನೆ: 2018ರ ಭೂಕುಸಿತದಲ್ಲಿ ನಮ್ಮ ಮನೆ ಹೋಯಿತು. ಅಮ್ಮನಿಗೆ ಈಗ 62. ಜೋರು ಮಳೆ ಹಿಡಿದ ರಾತ್ರಿ ಅವರು ಮಲಗುವುದೇ ಇಲ್ಲ, ಎದೆ ಹಿಡಿದುಕೊಂಡು ಕೂತಿರುತ್ತಾರೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ದೂರ ಕರೆದುಕೊಂಡು ಹೋಗುವುದು ಕಷ್ಟ. ಮನೆಯಲ್ಲಿ ನಾನೇ ಏನಾದರೂ ಮಾಡಬಹುದೇ? — ಮಡಿಕೇರಿ

ಉತ್ತರ: ಮಾಡಬಹುದು. ಆದರೆ ಮಳೆ ಸುರಿಯುವ ರಾತ್ರಿಯೇ ಮೊದಲ ಸಲ ಮಾಡಲು ಹೋಗಬೇಡಿ. ಗಾಬರಿ ತಾರಕಕ್ಕೇರಿದಾಗ ಹೊಸ ಸ್ಪರ್ಶವೂ ಗಾಬರಿಗೇ ಸೇರಿಕೊಳ್ಳುತ್ತದೆ. ಬಿಸಿಲಿನ ದಿನಗಳಲ್ಲಿ ಎರಡು ವಾರ ರಾತ್ರಿ ಊಟವಾಗಿ ಒಂದು ಗಂಟೆಯ ನಂತರ ಮಾಡಿ ಮೈಗೆ ರೂಢಿ ಮಾಡಿಸಿ.

ಕಾಲಿನಿಂದ ಆರಂಭಿಸಿ. ಕಣಕಾಲು ಮುಳುಗುವಷ್ಟು, 38ರಿಂದ 40 ಡಿಗ್ರಿ ಬಿಸಿಯ ನೀರಿನಲ್ಲಿ ಹತ್ತು-ಹದಿನೈದು ನಿಮಿಷ ಕಾಲಿಟ್ಟು ಕೂರಲಿ. ಚೀನಾದ ಮನೆಗಳಲ್ಲಿ ಮಲಗುವ ಮುನ್ನ ಹೀಗೆ ಮಾಡುವ ರೂಢಿಯಿದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ ಬಿಸಿ ತಿಳಿಯದೆ ಸುಟ್ಟೀತು, ಆಗ ಇದನ್ನು ಬಿಡಿ.

ಆಮೇಲೆ ಎದುರಿಗೆ ಕೂತು, ಅವರ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಮೊಣಕೈಯಿಂದ ಮಣಿಕಟ್ಟಿನವರೆಗೆ ಅಂಗೈಯಿಂದ ಸವರಿ. ವೇಗ ಮುಖ್ಯ. ಚರ್ಮದಲ್ಲಿ ಹಗುರ ಸವರುವಿಕೆಗೆಂದೇ ಇರುವ ನರತಂತುಗಳಿವೆ. ಸೆಕೆಂಡಿಗೆ ಒಂದರಿಂದ ಹತ್ತು ಸೆಂ.ಮೀ. ವೇಗಕ್ಕೆ, ಅದರಲ್ಲೂ ಮೂರು ಸೆಂ.ಮೀ. ಆಸುಪಾಸಿಗೆ, ಅವು ಹೆಚ್ಚು ಸ್ಪಂದಿಸುತ್ತವೆ. ಮುಂಗೈ 24 ಸೆಂ.ಮೀ. ಉದ್ದವಿದೆ ಎಂದುಕೊಂಡರೆ ಒಂದು ಸಲ ಸವರಲು ಎಂಟು ಸೆಕೆಂಡು. ಮಾಡಿ ನೋಡಿದರೆ ಇದು ಎಷ್ಟು ನಿಧಾನವೆಂದು ಗೊತ್ತಾಗುತ್ತದೆ. ಎಲ್ಲರೂ ಇದರ ನಾಲ್ಕೈದು ಪಟ್ಟು ವೇಗದಲ್ಲಿ ಉಜ್ಜುತ್ತಾರೆ. ನಿಮ್ಮ ಕೈ ಬೆಚ್ಚಗಿರಲಿ. ಒಂದೊಂದು ಕೈಗೆ ಮೂರು ನಿಮಿಷ.

ನಂತರ ಎರಡು ಬಿಂದು. 'ನೆಯ್‌ಗ್ವಾನ್': ಅಂಗೈ ಮೇಲ್ಮುಖವಾಗಿರಲಿ, ಮಣಿಕಟ್ಟಿನ ಮಡಿಕೆಯಿಂದ ಮೊಣಕೈ ಕಡೆಗೆ ಅಮ್ಮನದೇ ಮೂರು ಬೆರಳಗಲ ಬಿಟ್ಟು, ನಡುವಿನ ಹುರಿಯಂಥ ಎರಡು ಸ್ನಾಯುರಜ್ಜುಗಳ ಮಧ್ಯದ ತಗ್ಗು. ನಿಮ್ಮ ಬೆರಳಿನಿಂದ ಅಳೆದರೆ ಜಾಗ ತಪ್ಪುತ್ತದೆ. 'ಶೆನ್‌ಮೆನ್': ಅದೇ ಮಡಿಕೆಯ ಮೇಲೆ, ಕಿರುಬೆರಳಿನ ಕಡೆಯ ಪುಟ್ಟ ಮೂಳೆಯ ಪಕ್ಕದ ಗುಳಿ. ಹೆಬ್ಬೆರಳಿಟ್ಟು ಒತ್ತಿ, ನಿಮ್ಮ ಉಗುರಿನ ತುದಿ ಬೆಳ್ಳಗಾಗತೊಡಗಿದರೆ ಅಷ್ಟೇ ಭಾರ ಸಾಕು. ಒಂದೊಂದಕ್ಕೆ ಒಂದರಿಂದ ಎರಡು ನಿಮಿಷ. ಜೊತೆಗೆ ಅವರು ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ಬಿಡಲಿ. ಎಣಿಸುವುದೇ ಚಿಂತೆಯಾದರೆ ಎಣಿಕೆ ಬಿಟ್ಟು, ಬಿಡುವ ಉಸಿರು ಉದ್ದವಿದ್ದರೆ ಸರಿ. ಉಸಿರು ಹಿಡಿದಿಡುವುದು ಬೇಡ, ಕೆಲವರಿಗೆ ಅದರಿಂದಲೇ ಎದೆ ಕಟ್ಟುತ್ತದೆ.

ಕೊನೆಗೆ ಅಂಗಾಲಿನ 'ಯೊಂಗ್‌ಚ್ವಾನ್'. ಬೆರಳು ಬಿಟ್ಟು ಅಂಗಾಲನ್ನು ಮೂರು ಪಾಲು ಮಾಡಿ, ಮುಂದಿನ ಪಾಲು ಮುಗಿಯುವ ಕಡೆ, ಬೆರಳು ಮಡಚಿದರೆ ತಗ್ಗು ಬೀಳುವ ಜಾಗ. ಇದನ್ನು ಒತ್ತುವುದಕ್ಕಿಂತ ಅಂಗೈಯನ್ನು ಸುಮ್ಮನೆ ಇಟ್ಟು ಎರಡು ನಿಮಿಷ ಹಿಡಿದುಕೊಳ್ಳುವುದು ಒಳ್ಳೆಯದು. ಅಂಗೈ ಮುಟ್ಟಿದರೆ ಅವರಿಗೆ ಕಚಗುಳಿಯಾದರೆ ಕಾಲುಚೀಲ ಹಾಕಿಸಿ.

ಒತ್ತುತ್ತ ಒತ್ತುತ್ತ ಆ ರಾತ್ರಿಯ ಕಥೆ ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ಮಳೆಗಾಲದಲ್ಲಿ ಟಾರ್ಚು, ಕಾಗದಪತ್ರದ ಚೀಲ, ಹೋಗಬೇಕಾದ ಜಾಗ ಇವೆಲ್ಲ ಸಿದ್ಧವಿವೆ ಎಂದು ಅವರ ಕೈಯಲ್ಲೇ ಮುಟ್ಟಿಸಿ ತೋರಿಸಿ. ಗುಡ್ಡದ ಬುಡದಲ್ಲಿ ಈಗಲೂ ವಾಸವಿದ್ದರೆ ಅವರ ಭಯದಲ್ಲಿ ಅರ್ಧ ಭಾಗ ಸರಿಯಾದ ಎಚ್ಚರವೇ. ಅದನ್ನು ಬಿಂದು ಒತ್ತಿ ಕಳೆಯಬೇಕಾಗಿಲ್ಲ.

ಎದೆ ಹಿಡಿದುಕೊಳ್ಳುತ್ತಾರೆ ಎಂದಿದ್ದೀರಿ. ಒಮ್ಮೆ ಇಸಿಜಿ ಮಾಡಿಸಿ. ನೋವು ಎಡತೋಳಿಗೋ ದವಡೆಗೋ ಹರಿದು, ತಣ್ಣನೆ ಬೆವರು ಬಂದರೆ ನೆಯ್‌ಗ್ವಾನ್ ಒತ್ತುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ, ಕರೆ ಉಚಿತ.

ಪ್ರಶ್ನೆ: ನಾಡಿ ನೋಡಿದ ಚೀನೀ ವೈದ್ಯ ಪದ್ಧತಿಯವರು 'ಭಯದಿಂದ ಕಿಡ್ನಿ ವೀಕಾಗಿದೆ' ಎಂದರು. ಹೆದರಿ ಪರೀಕ್ಷೆ ಮಾಡಿಸಿದೆ, ಕ್ರಿಯಾಟಿನಿನ್ ನಾರ್ಮಲ್. ಯಾರನ್ನು ನಂಬಲಿ? — ಹುಬ್ಬಳ್ಳಿ

ಉತ್ತರ: ಲ್ಯಾಬನ್ನು. ಚೀನೀ ವೈದ್ಯದ 'ಮೂತ್ರಪಿಂಡ' ಒಂದು ಕಾರ್ಯಗುಂಪಿನ ಹೆಸರು. ಭಯ, ಇಚ್ಛಾಶಕ್ತಿ, ಸೊಂಟ, ಮೂಳೆ, ಕಿವಿ ಎಲ್ಲವೂ ಅದರ ಲೆಕ್ಕಕ್ಕೇ ಬರುತ್ತವೆ. ಹಾಗೆಯೇ ಕೋಪ ಯಕೃತ್ತಿಗೆ, ದುಃಖ ಶ್ವಾಸಕೋಶಕ್ಕೆ, ಕೊರಗು ಗುಲ್ಮಕ್ಕೆ. ಯಾವ ಬಿಂದು ಆರಿಸಬೇಕೆಂದು ನಿರ್ಧರಿಸಲು ಅವರಿಗೆ ಇದು ಬೇಕು. ರೋಗಿಗೆ ವಿವರಿಸದೆ ಹಾಗೇ ಒಪ್ಪಿಸಿಬಿಡುವುದು ಬೇಜವಾಬ್ದಾರಿ. ಭಯದ ಕಾಯಿಲೆಗೆಂದು ಬಂದವರಿಗೆ ಇನ್ನೊಂದು ಭಯ ಕೊಟ್ಟು ಕಳಿಸಿದ ಹಾಗೆ.

ಪ್ರಶ್ನೆ: ಕಿವಿಗೆ ಐದು ಸೂಜಿ ಹಾಕುವ ಪದ್ಧತಿಯನ್ನು ವ್ಯಸನಮುಕ್ತಿ ಕೇಂದ್ರದಲ್ಲಿ ನೋಡಿದೆ. ಆಘಾತಕ್ಕೂ ಅದನ್ನೇ ಬಳಸುತ್ತಾರಂತೆ. ಮೂಲ ಎಲ್ಲಿಯದು? — ಬೆಂಗಳೂರು

ಉತ್ತರ: ಹಾಂಗ್‌ಕಾಂಗ್‌ನ ಶಸ್ತ್ರವೈದ್ಯ ಡಾ. ವೆನ್ 1972ರಲ್ಲಿ ಕಿವಿಯ ಸೂಜಿಗೆ ವಿದ್ಯುತ್ ಹರಿಸುತ್ತಿದ್ದಾಗ ಅಫೀಮು ಚಟದ ರೋಗಿಗಳಿಗೆ ಅಫೀಮು ನಿಂತಾಗ ಕಾಡುವ ಬಾಧೆ ಇಳಿದದ್ದನ್ನು ಗಮನಿಸಿದರು. ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಯಲ್ಲಿ ಹೋರಾಟಗಾರರು 1970ರಲ್ಲಿ ಶುರುಮಾಡಿಸಿದ್ದ ವ್ಯಸನಮುಕ್ತಿ ವಿಭಾಗ ಅದನ್ನು ಕೈಗೆತ್ತಿಕೊಂಡಿತು. ವಿದ್ಯುತ್ ಬಿಟ್ಟು, ಡಾ. ಮೈಕೆಲ್ ಸ್ಮಿತ್ ಮತ್ತು ಸಂಗಡಿಗರು ಕಿವಿಯ ಐದು ಬಿಂದುಗಳಿಗೆ ಇಳಿಸಿದರು: ಶೆನ್‌ಮೆನ್ (ಮಣಿಕಟ್ಟಿನದಲ್ಲ, ಅದೇ ಹೆಸರಿನ ಕಿವಿಯ ಬಿಂದು), ಸಿಂಪಥೆಟಿಕ್, ಮೂತ್ರಪಿಂಡ, ಯಕೃತ್ತು, ಶ್ವಾಸಕೋಶ. 1985ರಲ್ಲಿ ಇದನ್ನು ಕಲಿಸಲು 'ನಾಡಾ' ಎಂಬ ಸಂಘ ಹುಟ್ಟಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ನ್ಯೂಯಾರ್ಕಿನಲ್ಲೂ, 2005ರ ಕತ್ರೀನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಲ್ಲೂ ಸಂತ್ರಸ್ತರಿಗೆ ಇದನ್ನೇ ಕೊಟ್ಟರು.

ಆಘಾತಕ್ಕೊಳಗಾದವರಿಗೆ ಇದು ಹೊಂದುವುದಕ್ಕೆ ಸರಳ ಕಾರಣಗಳಿವೆ. ಬಟ್ಟೆ ಸರಿಸಬೇಕಿಲ್ಲ, ಮಲಗಬೇಕಿಲ್ಲ, ನಡೆದದ್ದನ್ನು ಹೇಳಬೇಕಿಲ್ಲ. ಹತ್ತು ಜನ ಕುರ್ಚಿಗಳಲ್ಲಿ ವೃತ್ತವಾಗಿ ಕೂತು 30ರಿಂದ 45 ನಿಮಿಷ ಸುಮ್ಮನಿರುತ್ತಾರೆ. ಮೂರೇ ಸೂಜಿ ಸಾಕೆಂದರೆ ಮೂರೇ. ಸೂಜಿ ಬೇಡವೆಂದರೆ ಶೆನ್‌ಮೆನ್ ಬಿಂದುವಿನ ಮೇಲೆ ಪುಟ್ಟ ಬೀಜವನ್ನು ಅಂಟುಪಟ್ಟಿಯಿಂದ ಕೂರಿಸುತ್ತಾರೆ. ದಿನಕ್ಕೆ ಮೂರು-ನಾಲ್ಕು ಸಲ ಅರ್ಧ ನಿಮಿಷ ಒತ್ತಿ, ಮೂರರಿಂದ ಐದು ದಿನಕ್ಕೆ ತೆಗೆಯಬೇಕು. ನಮ್ಮ ಸೆಕೆಯಲ್ಲಿ ಪಟ್ಟಿಯಡಿ ಬೆವರು ನಿಂತು ಕೆರೆತ ಬಂದರೆ ಎರಡೇ ದಿನಕ್ಕೆ ತೆಗೆದುಬಿಡಿ. ಕಿವಿಯ ಮೃದ್ವಸ್ಥಿಗೆ ಸೋಂಕು ತಗುಲಿದರೆ ಗುಣವಾಗುವುದು ನಿಧಾನ. ಕೆಂಪಾಗಿ ಊದಿಕೊಂಡರೆ ಕಾಯದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಸಿಂಗಪುರದಲ್ಲಿರುವ ಮಗ ನಿದ್ದೆ, ಆತಂಕಕ್ಕೆಂದು ಚೀನೀ ಗುಳಿಗೆ ಕಳಿಸಿದ್ದಾನೆ. ಮನೋವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಇದನ್ನು ತೆಗೆದುಕೊಳ್ಳಬಹುದೇ? — ಉಡುಪಿ

ಉತ್ತರ: ನಿಲ್ಲಿಸಬೇಡಿ. ಖಿನ್ನತೆ, ಆತಂಕದ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ತಲೆ ಸುತ್ತು, ನಡುಕ, ಮೊದಲಿಗಿಂತ ಹೆಚ್ಚಿನ ಆತಂಕ ಬರಬಹುದು. ಗುಳಿಗೆಯ ಡಬ್ಬಿ ನೋಡಿ. ಮನಸ್ಸು ತಣಿಸುವ ಹಳೆಯ ಕೆಲವು ಮದ್ದಿನ ಮಿಶ್ರಣಗಳಲ್ಲಿ 'ಝೂಷಾ' ಸೇರುತ್ತದೆ, ಅದು ಪಾದರಸದ ಅದಿರಾದ ಇಂಗುಲಿಕ. 'ದಾನ್‌ಶೆನ್' ಇದ್ದರೆ ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಸೇರಿ ರಕ್ತಸ್ರಾವವಾದೀತು. ಜ್ಯೇಷ್ಠಮಧು ಬಹಳ ಮಿಶ್ರಣಗಳಲ್ಲಿರುತ್ತದೆ, ದಿನವೂ ಹೆಚ್ಚು ತೆಗೆದುಕೊಂಡರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ನಿದ್ದೆಗೆ ಕೊಡುವ 'ಸ್ವಾನ್ ಝಾವ್ ರೆನ್' ಬೋರೆಹಣ್ಣಿನ ಜಾತಿಯ ಗಿಡದ ಬೀಜ. ಅದೇ ಆದರೂ ನಿದ್ದೆ ಮಾತ್ರೆಯ ಜೊತೆ ಮಂಪರು ಹೆಚ್ಚಬಹುದು. ಡಬ್ಬಿಯ ಮೇಲಿನ ಬರಹ ಓದಲು ಬಾರದಿದ್ದರೆ ಪಟ್ಟಿಯ ಫೋಟೊ ತೆಗೆದು ನಿಮ್ಮ ಮನೋವೈದ್ಯರಿಗೆ ತೋರಿಸುವವರೆಗೆ ಅದು ಕಪಾಟಿನಲ್ಲೇ ಇರಲಿ.

ಪ್ರಶ್ನೆ: ಅರ್ಹರು ಯಾರೆಂದು ತಿಳಿಯುವುದು ಹೇಗೆ? ವಾರಾಂತ್ಯದ ತರಬೇತಿ ಪಡೆದವರೂ ಬೋರ್ಡು ಹಾಕಿದ್ದಾರೆ. — ತುಮಕೂರು

ಉತ್ತರ: ಈ ವಿದ್ಯೆ ಭಾರತಕ್ಕೆ ಬಂದದ್ದು 1938ರಲ್ಲಿ ಚೀನಾಕ್ಕೆ ಹೋದ ವೈದ್ಯ ತಂಡದ ನಂಟಿನಿಂದ. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಇದ್ದ ಅದೇ ತಂಡದ ಡಾ. ಬಿಜೊಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಹೋಗಿ ಕಲಿತು ಬಂದು ಕೋಲ್ಕತ್ತದಲ್ಲಿ ಶುರುಮಾಡಿದರು. ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಗುರುತಿಸಿದ್ದು 2019ರಲ್ಲಿ. ಮಹಾರಾಷ್ಟ್ರದಲ್ಲಿ 2015ರ ಕಾಯ್ದೆಯಡಿ ಪ್ರತ್ಯೇಕ ಮಂಡಳಿಯಿದೆ. ಕರ್ನಾಟಕದಲ್ಲಿ ಐದೂವರೆ ವರ್ಷದ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗ) ಪದವಿಯಲ್ಲಿ ಅಕ್ಯುಪಂಕ್ಚರ್ ಕಲಿಸುತ್ತಾರೆ, ಆ ವೈದ್ಯರಿಂದ ಶುರುಮಾಡುವುದು ಸುರಕ್ಷಿತ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು, ಬಳಸಿದ್ದು ಗಟ್ಟಿ ಡಬ್ಬಿಗೆ ಹೋಗಬೇಕು. ಎದೆ, ಭುಜದ ಮೇಲೆ ಆಳವಾಗಿ ಚುಚ್ಚಿದರೆ ಶ್ವಾಸಕೋಶದ ಪೊರೆಗೆ ತಾಗುವ ಅಪಾಯವಿದೆ. ಚುಚ್ಚಿದ ನಂತರ ಉಸಿರಾಟ ಕಷ್ಟವಾದರೆ ತುರ್ತು ಚಿಕಿತ್ಸೆಗೆ ಹೋಗಿ. "ನಿಮಗೆ ಏನಾಗಿತ್ತು, ಪೂರ್ತಿ ಹೇಳಿ" ಎಂದು ಮೊದಲ ದಿನವೇ ಒತ್ತಾಯಿಸುವವರನ್ನೂ, "ಮೂರು ಸರದಿಯಲ್ಲಿ ಗ್ಯಾರಂಟಿ" ಎನ್ನುವವರನ್ನೂ ಬಿಟ್ಟುಬಿಡಿ.

ಪ್ರಶ್ನೆ: ಐದು ತಿಂಗಳ ಗರ್ಭಿಣಿ ಮಗಳಿಗೆ ಈ ಬಿಂದುಗಳನ್ನು ಒತ್ತಬಹುದೇ? — ಕಲಬುರಗಿ

ಉತ್ತರ: ಮಣಿಕಟ್ಟಿನ ನೆಯ್‌ಗ್ವಾನ್ ಒತ್ತಬಹುದು, ಬಸುರಿನ ವಾಂತಿಗೂ ಅದನ್ನು ಬಳಸುತ್ತಾರೆ. ಹೆಬ್ಬೆರಳು-ತೋರುಬೆರಳಿನ ನಡುವಿನ 'ಹಗು', ಒಳಗಣಕಾಲಿನ ಮೇಲೆ ನಾಲ್ಕು ಬೆರಳಗಲದ 'ಸಾನ್‌ಯಿನ್‌ಜ್ಯಾವ್', ಭುಜದ ಮೇಲಿನ 'ಜ್ಯಾನ್‌ಜಿಂಗ್' ಈ ಮೂರನ್ನು ಹೆರಿಗೆಯವರೆಗೆ ಮುಟ್ಟಬೇಡಿ. ಸೂಜಿ ಹಾಕಿಸುವ ಮಾತು ಬಂದರೆ ಹೆರಿಗೆ ವೈದ್ಯರನ್ನು ಕೇಳಿಕೊಂಡೇ ಮುಂದುವರಿಯಿರಿ.